ಹಳೆ ಬಸ್ಸನ್ನು ಮನೆ ಮಾಡಿಕೊಂಡವರೇ, ರಿಪೇರಿಗೆ ಎಷ್ಟು ತೆಗೆದಿಡಬೇಕು?

ಕಾಪುವಿನಿಂದ ಕೇಳಿದ್ದು:

ನಮಸ್ಕಾರ. ಮಣಿಪಾಲದ ಹತ್ತಿರ ಒಬ್ಬರು ತಮ್ಮ ಬಸ್ಸು ಮಾರುತ್ತಿದ್ದಾರೆ. ಮೊದಲು ಲೈನಿನಲ್ಲಿ ಓಡುತ್ತಿದ್ದ ಸರ್ವಿಸ್ ಬಸ್ಸು, 2006ರ ಮಾಡೆಲ್, ಟಾಟಾದ 697 ಎಂಜಿನ್. ಸೀಟು ತೆಗೆದು ಮಂಚ, ಅಡುಗೆಕಟ್ಟೆ, ಸಣ್ಣ ಬಚ್ಚಲು ಎಲ್ಲ ಚಂದ ಮಾಡಿಸಿದ್ದಾರೆ. ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ. ಶಾಲೆಯ ರಜೆಯಲ್ಲಿ ಊರೂರು ತಿರುಗಬೇಕು ಅಂತ ಬಹಳ ಆಸೆ. ಬಸ್ಸಿನ ಬೆಲೆ ಹೇಗೋ ಹೊಂದಿಸಬಹುದು. ಆಮೇಲೆ ಬರುವ ಖರ್ಚಿನದ್ದೇ ಹೆದರಿಕೆ. ಇಂಥ ಗಾಡಿ ಇಟ್ಟುಕೊಂಡವರು ಎಂತೆಂಥ ರಿಪೇರಿ ಬಂತು, ಎಷ್ಟು ಬಿತ್ತು ಅಂತ ದಯವಿಟ್ಟು ಹೇಳಿ.

ಸುರತ್ಕಲ್‌ನಿಂದ:

ಮಾರಾಯ್ರೆ, ಮೊದಲು ಎಂಜಿನ್ನಿನ ಹೆದರಿಕೆ ಬಿಡಿ. 697 ಅಂದರೆ ಲಾರಿ, ಬಸ್ಸು ಎಲ್ಲದಕ್ಕೂ ಬಂದ ಎಂಜಿನ್. ನೋಜಲ್ ಚೆಕ್ ಮಾಡುವುದು, ಡೀಸೆಲ್ ಹಾಯಿಸುವ ಮೈಕೋ ಪಂಪ್ ಬಿಚ್ಚಿ ಕ್ಯಾಲಿಬರೇಷನ್‌ಗೆ ಕೊಡುವುದು, ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್ ಇದೆಲ್ಲ ಬೈಕಂಪಾಡಿಯಲ್ಲೂ ಆಗುತ್ತದೆ, ಘಟ್ಟ ಹತ್ತಿದರೆ ಸಕಲೇಶಪುರದಲ್ಲೂ ಆಗುತ್ತದೆ. ಸಾಮಾನು ಸಿಗದೆ ಗಾಡಿ ನಿಂತದ್ದು ನನಗೆ ನೆನಪಿಲ್ಲ.

ನಮ್ಮ ಬಸ್ಸಿನಲ್ಲಿ ದುಡ್ಡು ತಿಂದದ್ದು ನೀರು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಮಗೆ ಮಾರಿದವರು ಒಳಗೋಡೆಗೆ ಚಂದದ ಪ್ಲೈವುಡ್ ಹೊಡೆಸಿದ್ದರು. ಮೇಲಿನ ಕ್ಯಾರಿಯರ್ ಬೋಲ್ಟಿನ ತೂತಿನಿಂದ ಇಳಿದ ನೀರು ಆ ಪ್ಲೈವುಡ್ಡಿಗೂ ಹೊರಗಿನ ಶೀಟಿಗೂ ನಡುವೆ ಹರಿದು ಸೀದಾ ನೆಲಕ್ಕೆ ಹೋಗುತ್ತಿತ್ತು. ಒಳಗೆ ಕೂತವರಿಗೆ ಒಂದು ಹನಿಯೂ ಕಾಣದು. ಹಿಂದಿನ ಚಕ್ರದ ಮೇಲೆ ಒಂದು ಕಡೆ ಕಾಲಿಟ್ಟರೆ ಮೆತ್ತಗಾಗುತ್ತಿದೆ ಅಂತ ಹೆಂಡತಿ ಹೇಳಿದ ಮೇಲೆ ಬಿಚ್ಚಿಸಿದೆವು. ನೆಲದ ಹಲಗೆ ಕೈಯಲ್ಲಿ ಹುಡಿಯಾಗುತ್ತಿತ್ತು. ಅದರ ಕೆಳಗಿನ ಕಬ್ಬಿಣದ ಅಡ್ಡಪಟ್ಟಿ ಎರಡು ಕಡೆ ತುಂಡಾಗಿತ್ತು. ಟಿಂಕರಿಂಗ್, ವೆಲ್ಡಿಂಗ್, ಹೊಸ ಹಲಗೆ, ಪೇಂಟು ಎಲ್ಲ ಸೇರಿ ಒಂದು ಲಕ್ಷ ದಾಟಿತು. ಕಬ್ಬಿಣ, ಹಲಗೆಯ ಬೆಲೆ ಅದರಲ್ಲಿ ಕಾಲು ಭಾಗವೂ ಇಲ್ಲ. ಮಂಚ, ಕಪಾಟು, ಅಡುಗೆಕಟ್ಟೆ ಬಿಚ್ಚಿ ಮತ್ತೆ ಕೂರಿಸಿದ ಕೂಲಿಯೇ ಉಳಿದದ್ದೆಲ್ಲ.

ಮನೆ ಮಾಡಿದ ಬಸ್ಸಿನಲ್ಲಿ ನೀವು ನೋಡಬೇಕಾದದ್ದು ಅದನ್ನೇ. ಲೈನ್ ಬಸ್ಸಿನಲ್ಲಿ ಸೀಟಿನ ಬೋಲ್ಟ್ ಬಿಚ್ಚಿದರೆ ನೆಲ ಕಾಣುತ್ತದೆ. ಇಲ್ಲಿ ಪ್ರತಿಯೊಂದು ರಿಪೇರಿಗೂ ಮೊದಲು ಮನೆ ಕಳಚಬೇಕು. ನಮ್ಮದರಲ್ಲಿ ನೀರಿನ ಟ್ಯಾಂಕನ್ನು ಹಿಂದಿನ ಪಾಟಾ ಸೆಟ್ಟಿನ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಎದುರಿಗೇ ತೂಗುಹಾಕಿದ್ದರು. ಮೈನ್ ಪಾಟಾ ತುಂಡಾದಾಗ ಟ್ಯಾಂಕು, ಪೈಪು, ಮೋಟಾರು ಎಲ್ಲ ಇಳಿಸಿದ ಮೇಲೆಯೇ ಮೇಸ್ತ್ರಿಗೆ ಸ್ಪ್ಯಾನರ್ ಹಾಕಲಿಕ್ಕೆ ಜಾಗ ಸಿಕ್ಕಿದ್ದು. ಅಂದಹಾಗೆ ಆ ಪಾಟಾ ಹೋದದ್ದೂ ಟ್ಯಾಂಕಿನಿಂದಲೇ. 300 ಲೀಟರ್ ನೀರು ಅಂದರೆ 300 ಕೆಜಿ, ಅದಷ್ಟೂ ಒಂದೇ ಬದಿಯಲ್ಲಿ. ಖಾಲಿ ಟ್ಯಾಂಕಿನಲ್ಲಿ ಒಮ್ಮೆ, ತುಂಬಿಸಿ ಒಮ್ಮೆ ಬಸ್ಸನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಕಡೆಗೆ ವಾಲಿದರೆ ಕಣ್ಣಿಗೇ ಕಾಣುತ್ತದೆ.

ನೋಡಲಿಕ್ಕೆ ಹೋಗುವಾಗ ಒಂದು ದಪ್ಪ ಸ್ಕ್ರೂಡ್ರೈವರ್, ಒಂದು ಟಾರ್ಚು ತಕೊಂಡು ಹೋಗಿ. ಮಂಚದ ಹಾಸಿಗೆ ನೋಡುವ ಮೊದಲು ಬಸ್ಸಿನ ಅಡಿಗೆ ನುಗ್ಗಿ. ಫುಟ್‌ಬೋರ್ಡಿನ ಮೂಲೆ, ಹಿಂದಿನ ಚಕ್ರದ ಕಮಾನು, ಬಚ್ಚಲಿನ ಕೆಳಗಿನ ಭಾಗ, ಈ ಮೂರು ಕಡೆ ಚುಚ್ಚಿ ನೋಡಿ. ಹೊರಗೆ ಅಲ್ಯೂಮಿನಿಯಂ ಶೀಟಿನ ರಿವೆಟ್ ಸುತ್ತ ಬಿಳಿ ಹುಡಿ ಕೂತಿದ್ದರೆ ಒಳಗೆ ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ನಡುವೆ ಉಪ್ಪುಗಾಳಿಯ ತೇವ ಸೇರಿದೆ ಅಂತ ಲೆಕ್ಕ. ಹೊಸದಾಗಿ ಪೇಂಟು ಹೊಡೆಸಿದ ಬಸ್ಸಾದರೆ ಇನ್ನೂ ಹೆಚ್ಚು ಚುಚ್ಚಿ.

ಕಿನ್ನಿಗೋಳಿಯಿಂದ:

ನಾನು ಲೈನ್ ಬಸ್ಸಿನಲ್ಲಿ ಡ್ರೈವರ್ ಆಗಿ ಇದ್ದವ. ಈಗ ಅಕ್ಕನ ಮಗನ ಇಂಥದ್ದೇ ಬಸ್ಸನ್ನು ನೋಡಿಕೊಳ್ಳುತ್ತಿದ್ದೇನೆ. ಮೇಲಿನ ಅಣ್ಣ ನೀರಿನ ಬಗ್ಗೆ ಹೇಳಿದರು, ನಾನು ಬ್ರೇಕ್ ಹಿಡಿಸುವ ಗಾಳಿಯ ಬಗ್ಗೆ ಹೇಳುತ್ತೇನೆ.

ಏರ್ ಟ್ಯಾಂಕಿನ ಕೆಳಗೆ ಡ್ರೈನ್ ಉಂಟಲ್ಲ, ಅದನ್ನು ಮಾರುವವರ ಎದುರಿಗೇ ಬಿಡಿಸಿ. ಸ್ವಲ್ಪ ನೀರು ಬಂದರೆ ಚಿಂತೆ ಇಲ್ಲ. ಗಂಜಿತಿಳಿಯಂತೆ ಬೆಳ್ಳಗೆ, ಎಣ್ಣೆ ಬೆರೆತದ್ದು ಬಂದರೆ ಕಂಪ್ರೆಸರ್ ರಿಂಗು ಸವೆದಿದೆ. ಆ ಎಣ್ಣೆ ಮುಂದೆ ವಾಲ್ವಿನ ರಬ್ಬರುಗಳನ್ನೆಲ್ಲ ಹಾಳು ಮಾಡುತ್ತದೆ. ಆಮೇಲೆ ಗಾಳಿ ತುಂಬಿಸಿ, ಎಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಗೇಜಿನ ಮುಳ್ಳು ಇಳಿಯುತ್ತದೋ ಅಂತ ನೋಡುತ್ತಾ ಕೂತುಕೊಳ್ಳಿ. ಆಮೇಲೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಾಲ್ಕೂ ಚಕ್ರದ ಹತ್ತಿರ ಕಿವಿ ಕೊಡಲಿ. ಎಲ್ಲಿಂದ ಸುಯ್ಯನೆ ಸದ್ದು ಬರುತ್ತದೋ ಅಲ್ಲಿ ಕೆಲಸ ಉಂಟು.

ಇದನ್ನು ಇಷ್ಟು ಉದ್ದಕ್ಕೆ ಹೇಳಲಿಕ್ಕೆ ಕಾರಣ ಉಂಟು. ಕಳೆದ ಬೇಸಿಗೆಯಲ್ಲಿ ಪಡುಬಿದ್ರಿ ದಾಟಿದ ಮೇಲೆ ಹೆದ್ದಾರಿಯಲ್ಲೇ ನಮ್ಮ ಗಾಡಿಯ ಹಿಂದಿನ ಬ್ರೇಕ್ ಚೇಂಬರಿನ ಡಯಾಫ್ರಂ, ಅಂದರೆ ಒಳಗಿನ ರಬ್ಬರ್ ಪರದೆ, ಹರಿಯಿತು. ಗಾಳಿ ಪೂರಾ ಇಳಿದರೆ ಸ್ಪ್ರಿಂಗ್ ಬ್ರೇಕ್ ಹಿಡಿದುಕೊಳ್ಳುತ್ತದೆ, ಚಕ್ರ ಅಲುಗುವುದಿಲ್ಲ. ಅದು ಸುರಕ್ಷತೆಗೆ ಮಾಡಿದ್ದು, ಒಳ್ಳೆಯದೇ. ಆದರೆ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಮಕ್ಕಳನ್ನು ಕೂರಿಸಿಕೊಂಡು ನಿಲ್ಲುವುದು ಅಂದರೆ ಎದೆ ಬಡಿತ ನಿಲ್ಲುತ್ತದೆ. ಮೇಸ್ತ್ರಿ ಬಂದು ಚೇಂಬರಿನ ಹಿಂದಿನ ಬೋಲ್ಟು ತಿರುಗಿಸಿ ಸ್ಪ್ರಿಂಗ್ ಬಿಡಿಸಿದ ಮೇಲೆ ಗಾಡಿ ಬದಿಗೆ ಬಂತು. ಡಯಾಫ್ರಮ್ಮಿನ ಬೆಲೆ ಕೆಲವು ನೂರು ರೂಪಾಯಿ. ಮೇಸ್ತ್ರಿ ಬಂದ ಖರ್ಚು, ಕ್ರೇನಿನವರು ಕೇಳಿದ್ದು, ಆ ರಾತ್ರಿ ಎಲ್ಲರೂ ಲಾಡ್ಜಿನಲ್ಲಿ ಉಳಿದದ್ದು ಸೇರಿಸಿದರೆ ಹದಿನೈದು ಸಾವಿರದ ಹತ್ತಿರ ಬಂತು. ಹಳೆ ಬಸ್ಸಿನ ಲೆಕ್ಕವೇ ಹಾಗೆ. ಗಾಡಿ ಎಲ್ಲಿ ನಿಂತಿತು ಅನ್ನುವುದರ ಮೇಲೆ ಬಿಲ್ಲು. ಡಯಾಫ್ರಂ, ಏರ್ ಹೋಸು, ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ರೇಡಿಯೇಟರ್ ಹೋಸು, ಫ್ಯೂಸು ಗಾಡಿಯಲ್ಲೇ ಇರಲಿ. ಯಾವ ಅಂಗಡಿ ಬಾಗಿಲು ಹಾಕಿದ್ದರೂ ಮೇಸ್ತ್ರಿ ಒಬ್ಬ ಸಿಕ್ಕರೆ ಸಾಕು.

ಘಟ್ಟದ ವಿಷಯ. ಆಗುಂಬೆಯಲ್ಲಿ ಇಷ್ಟು ದೊಡ್ಡ ಗಾಡಿಯನ್ನು ಬಿಡುವುದಿಲ್ಲ, ಆ ಆಸೆ ಬೇಡ. ಚಾರ್ಮಾಡಿ, ಶಿರಾಡಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರಿದರೆ ದಾರಿ ಬಂದ್, ಹೊರಡುವ ಮೊದಲು ವಿಚಾರಿಸಿ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ. ಬ್ರೇಕ್ ಲೈನರ್ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಾನಾಗಿ ತಣಿಯಲಿ. ಬಿಸಿ ಡ್ರಮ್ಮಿಗೆ ನೀರು ಹೊಯ್ದರೆ ಬಿರುಕು ಬಿಡುತ್ತದೆ.

ಕುಂದಾಪುರದಿಂದ:

ಹ್ವಾಯ್, ನಮ್ಮದು ತಿರುಗುವ ಮನೆ ಅಲ್ಲ, ಬಸ್ಸಿನಲ್ಲಿ ಕ್ಯಾಂಟೀನು. ಆದರೂ ಕರೆಂಟಿನ ಕಷ್ಟ ಒಂದೇ. ದೊಡ್ಡ ಬಸ್ಸಿನದ್ದು 24 ವೋಲ್ಟ್, ಅಂದರೆ 12ರ ಎರಡು ಬ್ಯಾಟರಿ ಸಾಲಾಗಿ. ಒಳಗಿನ ಫ್ಯಾನು, ಲೈಟು 12ರದ್ದು. ಅದಕ್ಕೆ ಒಂದೇ ಬ್ಯಾಟರಿಯಿಂದ ವಯರ್ ಎಳೆದುಬಿಡುತ್ತಾರೆ. ಆಗ ಆ ಬ್ಯಾಟರಿ ದಿನಾ ಇಳಿಯುತ್ತದೆ, ಪಕ್ಕದ್ದಕ್ಕೆ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಹೋಗಿ ಕುದಿಯುತ್ತದೆ. ಕೊನೆಗೆ ಎರಡೂ ಹೋಗುತ್ತವೆ. ನಮಗೆ ಹೊಸ ಜೋಡಿ ಬ್ಯಾಟರಿಗೆ ಮೂವತ್ತು ಸಾವಿರದ ಹತ್ತಿರ ಬಿತ್ತು. ನೀವು ನೋಡುವ ಗಾಡಿಯಲ್ಲಿ ಬ್ಯಾಟರಿ ಪೆಟ್ಟಿಗೆ ತೆರೆಸಿ, ನಡುವಿನ ಟರ್ಮಿನಲ್ಲಿನಿಂದ ಯಾವುದಾದರೂ ವಯರ್ ಹೊರಟಿದೆಯೋ ನೋಡಿ. ಮನೆಯ ಕರೆಂಟಿಗೆ ಬೇರೆಯೇ ಬ್ಯಾಟರಿ ಇರಬೇಕು, ಇಲ್ಲವಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಇರಬೇಕು.

ಮತ್ತೆ ಇಲಿ. ಅಡುಗೆ ಮಾಡುವ ಗಾಡಿಯನ್ನು ಮಳೆಗಾಲದಲ್ಲಿ ನಿಲ್ಲಿಸಿಟ್ಟರೆ ಇಲಿ ಬಂದೇ ಬರುತ್ತದೆ. ಕಡಿಯುವುದು ವಯರನ್ನೇ. ಶಾರ್ಟ್ ಆಗಿ ಹೊಗೆ ಬಂದದ್ದು ಉಂಟು. ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿ, ನಿಲ್ಲಿಸುವಾಗ ಅದನ್ನು ತಿರುಗಿಸಿ ಹೋಗಿ. ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಗೆ ಕೆಳಗಡೆ ತೂತು ಬೇಕೇ ಬೇಕು, ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ.

ಕದ್ರಿಯಿಂದ:

ನಾವು ಐದಾರು ವರ್ಷ ಇಟ್ಟುಕೊಂಡು ಕಳೆದ ವರ್ಷ ಮಾರಿದೆವು. ಗಾಡಿಯ ಮೇಲೆ ಸಿಟ್ಟಿಲ್ಲ, ಮಕ್ಕಳು ಈಗಲೂ ಅದನ್ನೇ ಕೇಳುತ್ತಾರೆ. ಮಾಡಿನ ಕೆಳಗೆ ನಿಲ್ಲಿಸಲಿಕ್ಕೆ ನಮಗೆ ಜಾಗ ಇರಲಿಲ್ಲ, ಮಾರಲಿಕ್ಕೆ ಅದೊಂದೇ ಕಾರಣ. ಮಳೆಗಾಲ ಪೂರ್ತಿ ಬಯಲಲ್ಲಿ ನಿಂತ ಬಸ್ಸಿನ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ, ಬ್ರೇಕ್ ಲೈನರ್ ಡ್ರಮ್ಮಿಗೆ ಹಿಡಿಯುತ್ತದೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಕೂಡುತ್ತದೆ. ಬರೇ ಸ್ಟಾರ್ಟ್ ಮಾಡಿಟ್ಟರೆ ಸಾಲದು, ವಾರಕ್ಕೊಮ್ಮೆಯಾದರೂ ನಾಲ್ಕೈದು ಕಿಲೋಮೀಟರ್ ಓಡಿಸಬೇಕು. ಪ್ಲಾಸ್ಟಿಕ್ ಟರ್ಪಾಲು ಬಿಗಿಯಾಗಿ ಕಟ್ಟಬೇಡಿ, ತೇವ ಒಳಗೇ ಉಳಿಯುತ್ತದೆ.

ಟೈರಿನ ಪಟ್ಟಿ ನೋಡಿ ಮೋಸ ಹೋಗಬೇಡಿ. ನಿಂತ ಗಾಡಿಯ ಟೈರು ಸವೆಯುವುದಿಲ್ಲ, ಬದಿಯಲ್ಲಿ ಬಿರುಕು ಬಿಡುತ್ತದೆ. ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, 2316 ಅಂತ ಇದ್ದರೆ 2016ರ 23ನೇ ವಾರದ್ದು. ಆರು ಟೈರು, ಒಂದು ಸ್ಟೆಪ್ನಿ. ಎಲ್ಲ ಹೊಸದು ಹಾಕಬೇಕಾಗಿ ಬಂದರೆ ಲಕ್ಷದ ಮೇಲೆ ಹೋಗುತ್ತದೆ. ಮುಂದಿನ ಎರಡಕ್ಕೆ ದಯವಿಟ್ಟು ರೀಸೋಲ್ ಟೈರ್ (ಹಳೆ ಟೈರಿಗೆ ಹೊಸ ಪಟ್ಟಿ ಅಂಟಿಸಿದ್ದು) ಹಾಕಬೇಡಿ. ಮುಂದಿನ ಗಾಜಿನದ್ದೂ ಹೇಳಬೇಕು. ನಮ್ಮಲ್ಲಿ ಬಾಡಿ ಕಟ್ಟಿದವರು ತಮ್ಮ ಅಳತೆಗೆ ಕಟ್ಟಿರುತ್ತಾರೆ, ಒಡೆದರೆ ಅದೇ ಅಳತೆಯ ಗಾಜು ಹುಡುಕುವುದು ಬಹಳ ಕಷ್ಟ. ಬಾಡಿ ಎಲ್ಲಿ ಕಟ್ಟಿದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಕಾಗದಪತ್ರ. ಆರ್‌ಸಿಯಲ್ಲಿ ಇನ್ನೂ ಸೀಟಿನ ಲೆಕ್ಕದ ಬಸ್ಸು ಅಂತಲೇ ಇದ್ದರೆ ಬಹಳ ಜಾಗ್ರತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಅದು ನಮೂದಾಗಬೇಕು. ಇಲ್ಲದಿದ್ದರೆ ಅಪಘಾತವಾದಾಗ ಇನ್ಶೂರೆನ್ಸಿನವರು ಮೊದಲು ಕೈ ಹಾಕುವುದು ಅಲ್ಲಿಗೇ. ಹಳೆಯ ಪರ್ಮಿಟ್ ಸರೆಂಡರ್ ಆಗಿದೆಯೋ, ತೆರಿಗೆ ಬಾಕಿ ಇದೆಯೋ, ಫೈನಾನ್ಸಿನವರ ಎನ್‌ಒಸಿ ಇದೆಯೋ ನೋಡಿ. 15 ವರ್ಷ ದಾಟಿದ ವಾಣಿಜ್ಯ ವಾಹನಗಳ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಶುಲ್ಕ 2022ರ ಏಪ್ರಿಲ್‌ನಿಂದ ತುಂಬ ಏರಿದೆ, ಹಾಗಾಗಿ ಯಾವ ವರ್ಗದಲ್ಲಿ ನೋಂದಣಿ ಇದೆ ಅನ್ನುವುದರಿಂದಲೇ ವರ್ಷದ ಖರ್ಚು ಬದಲಾಗುತ್ತದೆ. ಲೈಸೆನ್ಸಿನದ್ದೂ ಉಂಟು: ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸಿನಲ್ಲಿ ಓಡಿಸಬಹುದಾದದ್ದು 7,500 ಕೆಜಿವರೆಗಿನ ಗಾಡಿ ಮಾತ್ರ. ಆರು ಸಿಲಿಂಡರಿನ ಈ ಬಸ್ಸು ಅದರೊಳಗೆ ಬರುವುದಿಲ್ಲ, ಮನೆಯಲ್ಲಿ ಒಬ್ಬರಿಗಾದರೂ ಹೆವಿ ಬೇಕು. ನನ್ನನ್ನು ಕೇಳಿದರೆ, ಐದು ಜನರಿಗೆ ಟಾಟಾ 407ರಂಥ ಸಣ್ಣ ಗಾಡಿಯೇ ಧಾರಾಳ.

ಕಾಪುವಿನಿಂದ ಮತ್ತೆ:

ಎಲ್ಲರಿಗೂ ತುಂಬ ಉಪಕಾರ. ಭಾನುವಾರ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹೋದೆವು. ನೆಲ ಗಟ್ಟಿ ಉಂಟು, ಫುಟ್‌ಬೋರ್ಡಿನ ಮೂಲೆಯಲ್ಲಿ ಮಾತ್ರ ಸೀದಾ ಒಳಗೆ ಇಳಿಯಿತು. ಡ್ರೈನಿನಲ್ಲಿ ಬರೇ ನೀರು ಬಂತು. ಗೇಜಿನ ಮುಳ್ಳು ಹತ್ತು ನಿಮಿಷದಲ್ಲಿ ಸ್ವಲ್ಪ ಇಳಿಯಿತು, ಎಡಗಡೆ ಹಿಂದಿನ ಚಕ್ರದಲ್ಲಿ ಸದ್ದು. ಟೈರು ನಾಲ್ಕು 2017ರದ್ದು. ಆರ್‌ಸಿಯಲ್ಲಿ ಇನ್ನೂ ಬಸ್ಸು ಅಂತಲೇ ಉಂಟು, ‘ಆಮೇಲೆ ಮಾಡಿಸಿಕೊಳ್ಳಬಹುದು’ ಅನ್ನುತ್ತಾರೆ. ಸಣ್ಣ ಗಾಡಿ ಮನೆಯವರಿಗೆ ಒಪ್ಪಿಗೆ ಇಲ್ಲ, ಅತ್ತೆಗೆ ಕಾಲು ಚಾಚಿ ಮಲಗಲಿಕ್ಕೆ ಬೇಕು.

ಸುರತ್ಕಲ್‌ನಿಂದ:

ಹಾಗಾದರೆ ಕೆಟ್ಟ ಗಾಡಿ ಅಲ್ಲ. ಟೈರು, ಬ್ರೇಕ್ ಚೇಂಬರು, ಫುಟ್‌ಬೋರ್ಡಿನ ವೆಲ್ಡಿಂಗು ಈ ಮೂರರ ಅಂದಾಜು ಗ್ಯಾರೇಜಿನಲ್ಲಿ ಬರೆಸಿಕೊಂಡು ಬಂದು ಬೆಲೆಯಲ್ಲಿ ಕಳೆಯಿರಿ. ಆರ್‌ಸಿ ಕೆಲಸ ಅವರೇ ಮಾಡಿಸಿ ಕೊಡಲಿ, ಅಲ್ಲಿವರೆಗೆ ಸಣ್ಣ ಮುಂಗಡ ಮಾತ್ರ. ತಕೊಂಡ ಮೇಲೆ ಮೊದಲ ವರ್ಷಕ್ಕೆ ಬಸ್ಸಿನ ಬೆಲೆಯ ಮೂರರಲ್ಲೊಂದು ಭಾಗವನ್ನಾದರೂ ಬೇರೆ ಇಡಿ. ಆಮೇಲಿನ ವರ್ಷಗಳಲ್ಲಿ ನಮಗೆ ಅಷ್ಟು ಬೀಳಲಿಲ್ಲ, ಎಂಬತ್ತು ಸಾವಿರದಿಂದ ಲಕ್ಷದೊಳಗೆ ಮುಗಿಯುತ್ತದೆ. ಕಡಲ ಬದಿಗೆ ಹೋಗಿ ಬಂದ ಪ್ರತಿ ಸಲ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಮಲ್ಪೆ ಕಡೆಯ ರಸ್ತೆಯಲ್ಲಿ ಮೀನಿನ ಲಾರಿಯಿಂದ ಸುರಿದ ಉಪ್ಪುನೀರು ಕೂಡ ಚಾಸಿಗೆ ಎರಚುತ್ತದೆ. ಮಳೆಗೆ ಮುಂಚೆ ಅಡಿಭಾಗಕ್ಕೆ ಆಯಿಲ್ ಸ್ಪ್ರೇ ಮಾಡಿಸುವವರಿದ್ದಾರೆ, ಮಾಡಿಸುವುದಾದರೆ ಬ್ರೇಕ್ ಹೋಸು, ರಬ್ಬರ್ ಬುಶ್ಶಿಗೆ ಬೀಳದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಅಂದಹಾಗೆ ಫುಟ್‌ಬೋರ್ಡ್ ಹೇಗೂ ಹೊಸದಾಗಿ ಕಟ್ಟಿಸಬೇಕಲ್ಲ. ಲೈನ್ ಬಸ್ಸಿನ ಮೊದಲ ಮೆಟ್ಟಿಲು ವಯಸ್ಸಾದವರಿಗೆ ಎತ್ತರ. ವೆಲ್ಡಿಂಗ್ ಮಾಡಿಸುವಾಗಲೇ ಕೆಳಗೆ ಮಡಚುವ ಇನ್ನೊಂದು ಮೆಟ್ಟಿಲು, ಬಾಗಿಲಿನ ಒಳಬದಿಗೆ ಉದ್ದದ ಒಂದು ಹಿಡಿಕೆ ಹಾಕಿಸಿಬಿಡಿ. ಅತ್ತೆಯವರಿಗೆ ಅನುಕೂಲ ಆಗುತ್ತದೆ.