ಕಾಲೇಜು ರೋಬಾಟ್ ತಂಡಕ್ಕೆ ಮೊದಲು ಯಾವ ಯಂತ್ರ ಕೊಳ್ಳಬೇಕು?

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ):
ನಮಸ್ಕಾರ ಸರ್. ನಮ್ಮ ತಂಡ ಕಾಲೇಜು ತಂಡಗಳ ರಾಷ್ಟ್ರೀಯ ರೋಬಾಟ್ ಸ್ಪರ್ಧೆಯಾದ ಡಿಡಿ ರೋಬೋಕಾನ್‌ಗೆ ಮುಂದಿನ ಸಲಕ್ಕೆ ತಯಾರಿ ಶುರು ಮಾಡಿದೆ. ಕಾಲೇಜಿನವರು ಒಂದು ಖಾಲಿ ಕೋಣೆ ಕೊಟ್ಟಿದ್ದಾರೆ. ಉಪಕರಣಗಳಿಗೆ 2 ಲಕ್ಷ ರೂಪಾಯಿ ಒಪ್ಪಿದ್ದಾರೆ. ತಂಡದಲ್ಲಿ ಈಗ ಎರಡು ಗುಂಪು. ಕೆಲವರು ಸೆಕೆಂಡ್ ಹ್ಯಾಂಡ್ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ತರೋಣ ಅಂತಾರೆ, ಉಳಿದವರಿಗೆ ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ, ಕೆತ್ತುವ ಯಂತ್ರ) ಬೇಕು. ಮೆಕ್ಯಾನಿಕಲ್ ಲ್ಯಾಬ್‌ಗೆ ಸಂಜೆ ಬೀಗ ಬೀಳುತ್ತದೆ, ನಮ್ಮ ಕೆಲಸ ಶುರುವಾಗುವುದೇ ಆಮೇಲೆ. ಯಾವುದನ್ನು ಆರಿಸಬೇಕು?

ಉತ್ತರ (ಟೂಲ್‌ರೂಮ್ ಕೆಲಸದವರು, ಪೀಣ್ಯ):
ಈ ವರ್ಷ ಎರಡೂ ಬೇಡ. ನೀವಿರುವ ಊರಲ್ಲೇ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ. ಲೇತ್ ಕೆಲಸ, ಮಿಲ್ಲಿಂಗ್ ಕೆಲಸ ಮಾಡಿಕೊಡುವವರು ಅಲ್ಲಿ ಸಾಲಾಗಿ ಸಿಗುತ್ತಾರೆ. ಇಡೀ ರೋಬಾಟ್‌ಗೆ ಲೇತ್‌ನಲ್ಲಿ ಆಗಬೇಕಾದದ್ದು ಒಂದಷ್ಟು ಹಬ್, ಶಾಫ್ಟ್, ಸ್ಪೇಸರ್, ಅಷ್ಟೆ. ಅವುಗಳನ್ನು ಜಾಬ್‌ವರ್ಕ್‌ಗೆ, ಅಂದರೆ ಕೂಲಿ ಕೊಟ್ಟು ಹೊರಗೆ ಮಾಡಿಸಲು ಕೊಡಿ. ಲೇತ್ ತಂದರೆ ಅದರ ಜೊತೆಗೆ ಟೂಲ್ ಬೇಕು, ತುಂಡನ್ನು ಹಿಡಿಯುವ ಚಕ್ ಬೇಕು, ಕಲಿಸುವವರೂ ಬೇಕು.

ನಿಮ್ಮ ಹುಡುಗರು ದಿನಾ ಸಂಜೆ ಏನು ಮಾಡುತ್ತಾರೆ ಅಂತ ನೋಡಿ. ಪೈಪ್ ಕತ್ತರಿಸುತ್ತಾರೆ, ತೂತು ಹೊಡೆಯುತ್ತಾರೆ, ಬೋಲ್ಟ್ ಹಾಕುತ್ತಾರೆ, ಸರಿ ಬರಲಿಲ್ಲ ಅಂತ ಬಿಚ್ಚುತ್ತಾರೆ. ಹಣ ಹೋಗಬೇಕಾದದ್ದು ಅಲ್ಲಿಗೆ. ಆಟ ಪ್ರತಿ ವರ್ಷ ಬದಲಾಗುತ್ತದೆ. ಡಿಡಿ ರೋಬೋಕಾನ್ ಗೆದ್ದವರು ಹೋಗುವ ಅಂತರರಾಷ್ಟ್ರೀಯ ಸ್ಪರ್ಧೆಯಾದ ಎಬಿಯು ರೋಬೋಕಾನ್‌ನಲ್ಲಿ 2024ರಲ್ಲಿ ಭತ್ತದ ಸಸಿ ನೆಡುವ ಆಟ ಇತ್ತು, 2025ರಲ್ಲಿ ಬಾಸ್ಕೆಟ್‌ಬಾಲ್. ಆಟ ಯಾವುದೇ ಬರಲಿ, ತೂತು ಹೊಡೆಯುವುದು ತಪ್ಪುವುದಿಲ್ಲ.

ಹಾಗಾಗಿ ಮೊದಲು ಬೆಂಚ್ ಡ್ರಿಲ್. 13 ಮಿ.ಮೀ. ವರೆಗಿನ ಬಿಟ್ ಹಿಡಿಯುವ ಚಕ್ ಇರಲಿ. ಅಂಗಡಿಯಲ್ಲಿ ಎಲ್ಲರೂ ಮೋಟರ್ ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ನೀವು ಕೇಳಬೇಕಾದದ್ದು ಅದರ ಅತಿ ಕಡಿಮೆ ವೇಗ ಎಷ್ಟು ಅಂತ. ಮೈಲ್ಡ್ ಸ್ಟೀಲ್‌ನಲ್ಲಿ 5 ಮಿ.ಮೀ. ಬಿಟ್‌ಗೆ ಸುಮಾರು 1500 ಆರ್‌ಪಿಎಂ ಸಾಕು, ಅಲ್ಯೂಮಿನಿಯಂನಲ್ಲಿ ಅದರ ಎರಡರಷ್ಟು ಓಡಿಸಬಹುದು. ಅದೇ ಸ್ಟೀಲ್‌ಗೆ 25 ಮಿ.ಮೀ. ಹೋಲ್ ಸಾ (ದೊಡ್ಡ ತೂತಿಗೆ ಬಳಸುವ ದುಂಡು ಗರಗಸ) ಹಾಕಿದರೆ 300ರ ಆಸುಪಾಸಿಗೆ ಇಳಿಯಬೇಕು. ಇಳಿಯದ ಯಂತ್ರದಲ್ಲಿ ಹಲ್ಲು ಸುಟ್ಟು ಹೋಗುತ್ತದೆ. ಇನ್ನೊಂದು ಪರೀಕ್ಷೆ ಇದೆ. ಚಕ್ ಕೂತಿರುವ ದಂಡವನ್ನು (ಸ್ಪಿಂಡಲ್) ಪೂರ್ತಿ ಕೆಳಗಿಳಿಸಿ, ಚಕ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಸಡಿಲ ಕೈಗೆ ಗೊತ್ತಾಗುವಷ್ಟಿದ್ದರೆ ಆ ಯಂತ್ರ ಬಿಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

ಅದರ ಜೊತೆಗೇ 6 ಇಂಚಿನ ಬೆಂಚ್ ವೈಸ್, ಮತ್ತು ಡ್ರಿಲ್ ಟೇಬಲ್‌ಗೆ ಒಂದು ಮಷಿನ್ ವೈಸ್. ಬೆಂಚ್ ವೈಸನ್ನು ನೆಲಕ್ಕೆ ಬೋಲ್ಟ್ ಹಾಕಿದ ಗಟ್ಟಿ ಮೇಜಿಗೆ ಕೂರಿಸಿ. ತರಗತಿಯ ಹಳೆ ಡೆಸ್ಕ್ ಮೇಲೆ ಕೂರಿಸಿದರೆ ಗರಗಸ ಎಳೆದಾಗ ಮೇಜೇ ಹಿಂದೆ ಬರುತ್ತದೆ.

ಅಳತೆಯ ಸಾಮಾನಿನಲ್ಲಿ ಉಳಿತಾಯ ಮಾಡಬೇಡಿ. ಒಳ್ಳೆಯ ವರ್ನಿಯರ್ ಒಂದು, ಸ್ಟೀಲ್ ಸ್ಕೇಲ್, ಟ್ರೈ ಸ್ಕ್ವೇರ್, ಗುರುತು ಗೀಚುವ ಸ್ಕ್ರೈಬರ್, ತೂತಿನ ಜಾಗದಲ್ಲಿ ಗುಳಿ ಹಾಕುವ ಸೆಂಟರ್ ಪಂಚ್. ವಿದ್ಯಾರ್ಥಿಗಳು ಮಾಡಿದ ರೋಬಾಟ್‌ಗಳಲ್ಲಿ ಚಕ್ರ ಸೊಟ್ಟಗಿರುವುದಕ್ಕೆ ಜಾಸ್ತಿ ಸಲ ನಾನು ನೋಡಿದ ಕಾರಣ ಗುರುತು ಹಾಕಿದ್ದೇ ತಪ್ಪಾಗಿರುವುದು. ಪಂಚ್ ಹೊಡೆಯದೆ ಬಿಟ್ ಇಟ್ಟರೆ ಅದು ಜಾರಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ನಾಲ್ಕು ತೂತಿನ ಮೋಟರ್ ಪ್ಲೇಟ್ ಆಗಲೇ ಕೂರುವುದಿಲ್ಲ.

ಅಲ್ಯೂಮಿನಿಯಂ ಕತ್ತರಿಸಲು ಕಬ್ಬಿಣದ ಅಂಗಡಿಗಳಲ್ಲಿರುವ ಕಲ್ಲಿನ ಡಿಸ್ಕ್‌ನ ಕಟಿಂಗ್ ಮಷಿನ್ ತರಬೇಡಿ. ಅಲ್ಯೂಮಿನಿಯಂ ಮೆದು. ಡಿಸ್ಕ್‌ನ ರಂಧ್ರಗಳಲ್ಲಿ ತುಂಬಿಕೊಂಡು ಬಿಸಿಯಾಗುತ್ತದೆ, ಡಿಸ್ಕ್ ಒಡೆಯುವ ಅಪಾಯವೂ ಇದೆ. ಕಾರ್ಬೈಡ್ ಹಲ್ಲಿನ, ಅಲ್ಯೂಮಿನಿಯಂಗೆ ಅಂತಲೇ ಮಾಡಿದ ಬ್ಲೇಡ್ ಹಾಕಿದ ಮೈಟರ್ ಸಾ (ಬೇಕಾದ ಕೋನಕ್ಕೆ ಕತ್ತರಿಸುವ ಗರಗಸ) ತನ್ನಿ. 90 ಡಿಗ್ರಿ ಬೇಕೆಂದರೆ 90 ಬರುತ್ತದೆ, ಫ್ರೇಮ್ ಕೂಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಬಿಟ್‌ಗಳ ದೊಡ್ಡ ಪೆಟ್ಟಿಗೆ ಕೊಳ್ಳುವ ಬದಲು ಬೇಕಾದ ಅಳತೆಯವು ಹತ್ತು ಹತ್ತು ತನ್ನಿ. ಇಡೀ ರೋಬಾಟ್‌ಗೆ ಎಂ3, ಎಂ4, ಎಂ5 ಬೋಲ್ಟ್ ಮಾತ್ರ ಅಂತ ತಂಡದಲ್ಲಿ ನಿಯಮ ಮಾಡಿಕೊಳ್ಳಿ. ಆಗ ಟ್ಯಾಪ್‌ಗೆ (ತೂತಿನೊಳಗೆ ಬೋಲ್ಟ್ ಕೂರುವ ಸುರುಳಿ ಗೆರೆ ಕೊರೆಯುವ ಉಪಕರಣ) ಮುಂಚೆ ಹೊಡೆಯುವ ತೂತು 2.5, 3.3 ಮತ್ತು 4.2 ಮಿ.ಮೀ. ಇಷ್ಟನ್ನು ಗೋಡೆ ಮೇಲೆ ಬರೆದು ಹಾಕಿ. ಅಲ್ಯೂಮಿನಿಯಂಗೆ ಟ್ಯಾಪ್ ಹಾಕುವಾಗ ಒಂದು ಹನಿ ಸೀಮೆಎಣ್ಣೆ ಬಿಡಿ, ಅರ್ಧ ಸುತ್ತು ಮುಂದೆ ಹೋಗಿ ಕಾಲು ಸುತ್ತು ಹಿಂದೆ ಬನ್ನಿ.

ಇಷ್ಟಾದ ಮೇಲೆ ಉಳಿದ ಹಣದಲ್ಲಿ ಒಂದು ತ್ರೀಡಿ ಪ್ರಿಂಟರ್, ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್. ಒಂದು ಭಾಗ ಮುಟ್ಟದೆ ಇಡಿ. ಸ್ಪರ್ಧೆ ಹತ್ತಿರ ಬಂದಾಗ ಜಾಬ್‌ವರ್ಕ್‌ಗೆ ಕಾಸು ಬೇಕೇ ಬೇಕು.

ಪ್ರಶ್ನೆ (ಅದೇ ತಂಡದ ಇನ್ನೊಬ್ಬರು):
ಸರ್, ಸಿಎನ್‌ಸಿ ರೂಟರ್ ಕೇಳಿದ್ದು ನಾನೇ. 3018 ಮಾದರಿಯದ್ದು ಬಜೆಟ್‌ನಲ್ಲಿ ಬರುತ್ತದೆ. ಅದರಲ್ಲಿ 3 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಬಹುದಲ್ವಾ?

ಉತ್ತರ:
ಹೆಸರೇ ಹೇಳುವ ಹಾಗೆ ಅದರ ಕೆಲಸದ ಜಾಗ 30 ಸೆಂ.ಮೀ.ಗೆ 18 ಸೆಂ.ಮೀ. ಮರ, ಅಕ್ರಿಲಿಕ್, ಪಿಸಿಬಿಗೆ ಚೆನ್ನಾಗಿದೆ. 3 ಮಿ.ಮೀ. ಅಲ್ಯೂಮಿನಿಯಂ ಅಂದರೆ ಫ್ರೇಮ್ ನಡುಗುತ್ತದೆ, ಕೂದಲೆಳೆಯಷ್ಟು ಆಳ ತೆಗೆಯುತ್ತಾ ಗಂಟೆಗಟ್ಟಲೆ ಕಾಯಬೇಕು. ಪ್ಲೇಟ್‌ಗಳನ್ನು ಲೋಹ ಕತ್ತರಿಸುವ ಫೈಬರ್ ಲೇಸರ್ ಇರುವವರಿಗೆ ಡ್ರಾಯಿಂಗ್‌ನ ಡಿಎಕ್ಸ್‌ಎಫ್ ಫೈಲ್ ಕಳಿಸಿ ಕತ್ತರಿಸಿಕೊಳ್ಳಿ. ಫೈಲ್ ಮಿಲಿಮೀಟರ್‌ನಲ್ಲೇ ಇದೆಯಾ ಅಂತ ಒಮ್ಮೆ ತೆರೆದು ನೋಡಿ ಕಳಿಸಿ. ನಿಮ್ಮ ಆಸಕ್ತಿ ಬಿಡಬೇಡಿ, ಡ್ರಾಯಿಂಗ್ ಜವಾಬ್ದಾರಿ ನೀವೇ ತೆಗೆದುಕೊಳ್ಳಿ.

ಪ್ರಶ್ನೆ (ವಿದ್ಯಾರ್ಥಿನಿ, ಮಂಗಳೂರು):
ಸರ್, ನಮ್ಮ ತಂಡ ಅಲ್ಯೂಮಿನಿಯಂ ಫ್ರೇಮ್‌ಗೆ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಮಷಿನ್ ತರಬೇಕು ಅಂತಿದೆ. ತೂಕ ಕಡಿಮೆ ಆಗಬೇಕು, ಸ್ಟೀಲ್‌ಗೆ ಹೋಗುವ ಹಾಗಿಲ್ಲ.

ಉತ್ತರ:
ತೂಕದ ಲೆಕ್ಕ ಸರಿಯಾಗಿದೆಯಮ್ಮಾ. 25×25, 2 ಮಿ.ಮೀ. ದಪ್ಪದ ಚೌಕ ಪೈಪ್ ಅಲ್ಯೂಮಿನಿಯಂ ಆದರೆ ಮೀಟರ್‌ಗೆ ಅರ್ಧ ಕೆ.ಜಿ., ಸ್ಟೀಲ್ ಆದರೆ ಸುಮಾರು 1.4 ಕೆ.ಜಿ. ಆದರೆ ಅಲ್ಯೂಮಿನಿಯಂಗೆ ಎಸಿ ಕರೆಂಟ್ ಕೊಡುವ ಟಿಗ್ ಬೇಕು, ಆರ್ಗಾನ್ ಸಿಲಿಂಡರ್ ಬೇಕು, ಕೈ ಪಳಗಲು ತಿಂಗಳುಗಳು ಬೇಕು. 6061-ಟಿ6ನಂಥ ಹದ ಮಾಡಿದ ಅಲ್ಯೂಮಿನಿಯಂ ಬೆಸುಗೆಯ ಅಕ್ಕಪಕ್ಕ ಮೆತ್ತಗಾಗುತ್ತದೆ, ಬೆಸುಗೆ ಚೆಂದ ಕಂಡರೂ ಬಿರುಕು ಅಲ್ಲೇ ಬರುತ್ತದೆ. ಮೂಲೆಗಳಿಗೆ 3 ಮಿ.ಮೀ. ಗಸೆಟ್ ಪ್ಲೇಟ್ (ಮೂಲೆಯನ್ನು ಬಿಗಿಗೊಳಿಸುವ ತಗಡು) ಇಟ್ಟು 4.8 ಮಿ.ಮೀ. ಪಾಪ್ ರಿವೆಟ್ ಹೊಡೆಯಿರಿ. ಮತ್ತೆ ಬದಲಾಯಿಸಬೇಕು ಅನಿಸಿದರೆ ರಿವೆಟ್ ಕೊರೆದು ತೆಗೆಯಬಹುದು, ಬೆಸುಗೆಯನ್ನು ಹಾಗೆ ಬಿಚ್ಚಲಾಗದು.

ಪ್ರಶ್ನೆ (ಉಪನ್ಯಾಸಕರು, ಹಾಸನ):
ನಮ್ಮಲ್ಲೂ ಮಕ್ಕಳು ರಾತ್ರಿ ಕೆಲಸ ಮಾಡುತ್ತಾರೆ. ಜವಾಬ್ದಾರಿ ನನ್ನ ಮೇಲಿದೆ. ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು?

ಉತ್ತರ:
ಡ್ರಿಲ್ ಯಂತ್ರದ ಹತ್ತಿರ ಕೈಗವಸು ಬೇಡ ಸರ್. ಎಲ್ಲರೂ ರಕ್ಷಣೆಗೆ ಅಂತ ಹಾಕುತ್ತಾರೆ, ಬಿಟ್ ಅದನ್ನು ಸುತ್ತಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಬಿಚ್ಚಿದ ಕೂದಲು, ದುಪಟ್ಟಾ, ಐಡಿ ಕಾರ್ಡ್‌ನ ದಾರ ಎಲ್ಲದಕ್ಕೂ ಇದೇ ಮಾತು. ಕಣ್ಣಿನ ರಕ್ಷಣೆಯ ಕನ್ನಡಕ ಮಾತ್ರ ಕಡ್ಡಾಯ, ಪಕ್ಕದಲ್ಲಿ ನೋಡುತ್ತಾ ನಿಂತವರಿಗೂ. ತೆಳು ತಗಡನ್ನು ಕೈಯಲ್ಲಿ ಹಿಡಿದು ಕೊರೆಯಲು ಬಿಡಬೇಡಿ, ಅದು ತಿರುಗಿದರೆ ಕತ್ತಿಯೇ. ಯಂತ್ರ ಓಡುವಾಗ ಕೋಣೆಯಲ್ಲಿ ಒಬ್ಬರೇ ಇರಬಾರದು.

ಕೋಣೆಯ ವೈರಿಂಗ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಚಾರ್ಜ್‌ಗೆ ಹಾಕಿ ಮಲಗಲು ಹೋಗುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಲೇಬಾರದು. ಬಳಸದೆ ಇಡುವಾಗ ಒಂದು ಸೆಲ್‌ಗೆ 3.8 ವೋಲ್ಟ್‌ಗೆ ತಂದು, ಮರದ ಕಪಾಟು ಬಿಟ್ಟು ಲೋಹದ ಪೆಟ್ಟಿಗೆಯಲ್ಲಿ ಇಡಿಸಿ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿ):
ತುಂಬಾ ಧನ್ಯವಾದ ಸರ್. ತಂಡದಲ್ಲಿ ಎಲ್ಲರೂ ಒಪ್ಪಿದರು. ಕೊನೆಯದಾಗಿ, ಜಾಬ್‌ವರ್ಕ್‌ಗೆ ಕೊಡುವ ಡ್ರಾಯಿಂಗ್ ಹೇಗಿರಬೇಕು? ಹಿಂದಿನ ಸಲ ಬೇರಿಂಗ್ ಸಡಿಲವಾಗಿ ಕೂತಿತ್ತು.

ಉತ್ತರ:
ಎಲ್ಲ ಅಳತೆಗೂ ಹೆಚ್ಚು ಕಡಿಮೆ 0.01 ಮಿ.ಮೀ. ಅಂತ ಬರೆಯಬೇಡಿ, ಬೆಲೆ ಏರುತ್ತದೆ ಮತ್ತು ಯಾವುದು ಮುಖ್ಯ ಅಂತ ಮಾಡುವವರಿಗೆ ತಿಳಿಯುವುದಿಲ್ಲ. ಉದಾಹರಣೆಗೆ 608 ಬೇರಿಂಗ್‌ನ ಹೊರ ಅಳತೆ 22 ಮಿ.ಮೀ. ಅದು ಕೂರುವ ತೂತಿಗೆ ಮಾತ್ರ ಎಚ್7 ಬರೆಯಿರಿ, ಅಂದರೆ 22.000ರಿಂದ 22.021ರೊಳಗೆ ಬರಬೇಕು. ಉಳಿದ ಕಡೆ ಹೆಚ್ಚು ಕಡಿಮೆ 0.2 ಸಾಕು. ಪ್ಲೇಟ್ ಲೇಸರ್‌ನಲ್ಲಿ ಕತ್ತರಿಸಿದ್ದಾದರೆ ಆ ತೂತನ್ನು 21ಕ್ಕೆ ಬಿಟ್ಟು ಆಮೇಲೆ ಬೋರ್ ಮಾಡಿಸಿ (ಯಂತ್ರದಲ್ಲಿ ಅಳತೆಗೆ ಸರಿಯಾಗಿ ದೊಡ್ಡದು ಮಾಡಿಸಿ), ಲೇಸರ್ ತೂತು ಬೇರಿಂಗ್‌ಗೆ ಬೇಕಾದಷ್ಟು ನಿಖರವಾಗಿ ಬರುವುದಿಲ್ಲ. ಡ್ರಾಯಿಂಗ್ ಜೊತೆಗೆ ಬೇರಿಂಗನ್ನೂ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಿ. ಯಂತ್ರದಿಂದ ಕೆಲಸ ಬಿಚ್ಚುವ ಮುಂಚೆಯೇ ಹಾಕಿ ನೋಡುತ್ತಾರೆ.