ಕಾಲೇಜು ಮುಚ್ಚುತ್ತಿದೆ, ಮಗಳ ವರ್ಗಾವಣೆ ಹೇಗೆ?

ಸಿರುಗುಪ್ಪದ ಪೋಷಕರು: ನಮ್ಮ ಮಗಳು ಬಳ್ಳಾರಿಯ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ಮುಗಿಸಿದ್ದಾಳೆ. ಮುಂದಿನ ವರ್ಷ ಕಾಲೇಜು ಇರುವುದಿಲ್ಲವೆಂದು ನೋಟಿಸ್ ಬೋರ್ಡಿನಲ್ಲಿ ಒಂದೇ ಸಾಲಿನ ಚೀಟಿ ಅಂಟಿಸಿದ್ದಾರೆ. ಮೂಲ ಅಂಕಪಟ್ಟಿಯನ್ನೂ ಕೊಡುತ್ತಿಲ್ಲ.

ನಿವೃತ್ತ ಉಪನ್ಯಾಸಕ, ಕೊಪ್ಪಳ: ಮೂಲ ದಾಖಲೆಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ತಿಳಿಸಿರುವುದರಿಂದ, ಲಿಖಿತ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆಗಲೂ ಕೊಡದಿದ್ದರೆ ಆ ಪ್ರತಿಯೊಂದಿಗೆ ವಿಶ್ವವಿದ್ಯಾಲಯದ ಕುಲಸಚಿವರನ್ನು ಕಾಣಿರಿ. ಹೊಸ ಕಾಲೇಜೂ ಅದೇ ವಿಶ್ವವಿದ್ಯಾಲಯದ್ದಾದರೆ ತೊಡಕು ಕಡಿಮೆ. ಕೊಪ್ಪಳಕ್ಕೆ ಬಂದರೆ ವಿಶ್ವವಿದ್ಯಾಲಯವೇ ಬೇರೆ, ಪಠ್ಯವನ್ನು ತಾಳೆ ನೋಡಬೇಕಾಗುತ್ತದೆ.

ರಾಯಚೂರಿನ ತಾಯಿ: ಕಚೇರಿಗೆ ಬೀಗ ಬೀಳುವ ಮೊದಲೇ ವ್ಯಾಸಂಗ ಪ್ರಮಾಣಪತ್ರ ಪಡೆಯಿರಿ, 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಅರ್ಜಿಗೆ ಬೇಕಾಗುತ್ತದೆ. ನನ್ನ ಮಗನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹಳೆಯ ಕಾಲೇಜಿನ ಹೆಸರೇ ಉಳಿದು, ಅದನ್ನು ತಿದ್ದಿಸಲು ಮೂರು ಬಾರಿ ಅಲೆದೆ.

ಸಿರುಗುಪ್ಪದ ಪೋಷಕರು: ಧನ್ಯವಾದಗಳು ಸರ್, ಅಕ್ಕ. ಸೋಮವಾರವೇ ಅರ್ಜಿ ಕೊಡುತ್ತೇನೆ.