ತಾಯ್ಲೆಂಡಿನ ಹುಡುಗರು ಕೊರಿಯಾದ ನೂಡಲ್ಸ್‌ಗೆ ಮರುಳಾಗಿರುವುದೇಕೆ?

ಪ್ರಶ್ನೆ: ಅಂಗಡಿಯವ, ಹಾಸನ

ಹಾಸನದಲ್ಲಿ ಕಾಲೇಜೊಂದರ ಎದುರು ನಮ್ಮದು ಚಿಕ್ಕ ದಿನಸಿ ಅಂಗಡಿ. ಕೋಳಿಯ ಚಿತ್ರವಿರುವ ಕಪ್ಪು ಪೊಟ್ಟಣದ ಕೊರಿಯನ್ ನೂಡಲ್ಸ್ ಬಂದಿದೆಯೇ ಎಂದು ಹುಡುಗರು ದಿನವೂ ವಿಚಾರಿಸುತ್ತಾರೆ. ಬ್ಯಾಂಕಾಕಿನ ಹೋಟೆಲೊಂದರಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ, ಅಲ್ಲಿಯೂ ಇದೇ ಕಥೆ ಎನ್ನುತ್ತಾನೆ. ನಾವು ಎಲ್ಲ ನೂಡಲ್ಸನ್ನೂ ಮ್ಯಾಗಿ ಎನ್ನುವಂತೆ ಅಲ್ಲಿಯವರು ತಮ್ಮ ‘ಮಾಮಾ’ದ ಹೆಸರನ್ನೇ ಎಲ್ಲಕ್ಕೂ ಇಟ್ಟಿದ್ದಾರೆ, ಖಾರವಂತೂ ಅವರಿಗೆ ಹೊಸದಲ್ಲ. ಹಾಗಿದ್ದೂ ಹಲವು ಪಟ್ಟು ಹೆಚ್ಚು ಹಣ ತೆತ್ತು ಕೊರಿಯಾದ್ದನ್ನು ಕೊಳ್ಳುವುದೇಕೆ?

ಉತ್ತರ: ಮೂಡಿಗೆರೆಯವಳು

ನಾನು ಮೂರು ವರ್ಷ ಬ್ಯಾಂಕಾಕಿನಲ್ಲಿದ್ದೆ. ಅಲ್ಲಿ ನೂಡಲ್ಸ್ ಸರ್ಕಾರದ ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಪದಾರ್ಥವಾದ್ದರಿಂದ, ವರ್ಷಗಟ್ಟಲೆ 6 ಬಾತ್‌ನಲ್ಲಿಯೇ (ಬಾತ್ ಎಂದರೆ ಅಲ್ಲಿಯ ಹಣ) ನಿಂತಿದ್ದ ಮಾಮಾ ಪೊಟ್ಟಣ 2022ರಲ್ಲಿ 7 ಬಾತ್ ಆಯಿತು. ಅಷ್ಟು ಅಗ್ಗವಾದ್ದರಿಂದಲೇ ಅದಕ್ಕೆ ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ತಿನ್ನುವ ಆಹಾರವೆಂಬ ಹೆಸರು ಅಂಟಿಕೊಂಡಿದೆ. ಮಾಮಾ ಪೊಟ್ಟಣದ ತೂಕ ಸುಮಾರು 60 ಗ್ರಾಂ, ನೀವು ಹೇಳಿದ ಕೋಳಿ ಚಿತ್ರದ ಕೊರಿಯನ್ ನೂಡಲ್ಸ್ ಬುಲ್ಡಾಕ್‌ನದು 140 ಗ್ರಾಂ. ಒಂದು ಬಾಯಿರುಚಿಗೆ, ಇನ್ನೊಂದು ಹೊಟ್ಟೆಗೆ. ಮಾಮಾಕ್ಕೆ ಬಿಸಿನೀರು ಸುರಿದು ಮೂರು ನಿಮಿಷ ಮುಚ್ಚಿಟ್ಟರೆ ಮುಗಿಯಿತು. ಬುಲ್ಡಾಕ್‌ನ ದಪ್ಪ ಎಳೆಗಳನ್ನು ಐದು ನಿಮಿಷ ಬೇಯಿಸಿ, ಎಂಟು ಚಮಚದಷ್ಟು ನೀರು ಉಳಿಸಿ ಮಿಕ್ಕಿದ್ದನ್ನು ಬಸಿದು, ಕೆಂಪು ಸಾಸ್ ಸುರಿದು ಅರ್ಧ ನಿಮಿಷ ಬಾಡಿಸಬೇಕು. ನಮ್ಮ ಪಕ್ಕದ ಕೋಣೆಯ ಹುಡುಗಿಯರು ಅದರ ಮೇಲೆ ಚೀಸ್ ಹಾಳೆ ಹರಡಿ, ಅದು ಕರಗುವವರೆಗೆ ಫೋನ್ ಹಿಡಿದು ನಿಲ್ಲುತ್ತಿದ್ದರು.

ಉತ್ತರ: ಚಿಕ್ಕಮಗಳೂರಿನಿಂದ

ತೂಕದ ಮಾತು ಸರಿ, ಆದರೆ ಅದೇ ಮುಖ್ಯ ಕಾರಣವೆಂದು ನನಗನಿಸುವುದಿಲ್ಲ. ತಾಯ್ಲೆಂಡಿನ ಖಾರಕ್ಕೆ ನಿಂಬೆಯ ಹುಳಿ, ಮಜ್ಜಿಗೆಹುಲ್ಲಿನ ಪರಿಮಳ ಜೊತೆಗಿರುತ್ತದೆ; ಅವರ ಪುಟ್ಟ ಮೆಣಸು ನಮ್ಮ ಜೀರಿಗೆ ಮೆಣಸಿನಂತೆ ಚುರುಕಾಗಿ ಏರುತ್ತದೆ. ಕೊರಿಯಾದ್ದು ಸಿಹಿ ಬೆರೆತ, ನಾಲಗೆಗೆ ಅಂಟಿಕೊಂಡು ಬೇಗ ಇಳಿಯದ ಖಾರ. 2012ರಲ್ಲಿ ಬಂದ ಬುಲ್ಡಾಕನ್ನು ಊರೂರಿಗೆ ಹಬ್ಬಿಸಿದ್ದು, ಕಣ್ಣೀರು ಸುರಿಸುತ್ತ ತಿಂದು ತೋರಿಸುವ ಪಂಥದ ವಿಡಿಯೊಗಳು. 2024ರಲ್ಲಿ ಡೆನ್ಮಾರ್ಕ್ ಅತಿ ಖಾರವೆಂದು ಅದರ ಮೂರು ಬಗೆಗಳನ್ನು ಮಾರುಕಟ್ಟೆಯಿಂದ ಹಿಂಪಡೆಸಿದಾಗ, ಪುಕ್ಕಟೆ ಪ್ರಚಾರವೇ ದೊರೆಯಿತೆನ್ನಬೇಕು. ಅಲ್ಲದೆ ಕೊರಿಯಾದ ಹೆಸರಾಂತ ಹಾಡುಗಾರ್ತಿಯರ ಬ್ಲ್ಯಾಕ್‌ಪಿಂಕ್ ತಂಡದ ಲೀಸಾ ತಾಯ್ಲೆಂಡಿನ ಬುರಿರಾಮ್‌ನವಳು. ತಮ್ಮೂರ ಹುಡುಗಿಯೇ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಮೆರೆಯುತ್ತಿರುವಾಗ ಅಲ್ಲಿಯ ಊಟ ಅವರಿಗೆ ಪರದೇಶದ್ದೆನಿಸೀತೇ?

ಪ್ರಶ್ನೆ ಕೇಳಿದವ

ಇಬ್ಬರಿಗೂ ಧನ್ಯವಾದ. ಪಂಥದ ಮಾತು ನಮ್ಮ ಅಂಗಡಿಗೂ ಒಪ್ಪುತ್ತದೆ. ಇಲ್ಲಿ ಮೂವರು ಹುಡುಗರು ಹಣ ಕೂಡಿಸಿ ಒಂದೇ ಪೊಟ್ಟಣ ಕೊಳ್ಳುತ್ತಾರೆ, ಜೊತೆಗೆ ಮರೆಯದೆ ಎರಡು ಮೊಸರಿನ ಪ್ಯಾಕೆಟ್ ಒಯ್ಯುತ್ತಾರೆ.